ಅಪ್ಪನ 68ರ ಜಾವಾ: ಕಾನ್‌ರಾಡ್ ತುಂಡಾಗಿ ಕೇಸ್ ತೂತಾಗಿದೆ. ವೆಲ್ಡ್ ಮಾಡಿಸ್ಲಾ, ಬೇರೆ ಇಂಜಿನ್ ಕೂರಿಸ್ಲಾ?

ಕೆಂಪು ಜಾವಾ 68 | ಸೋಮವಾರ ರಾತ್ರಿ 10:12
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೈಕೋಬೇಡಿ. ತಲೆ ಓಡ್ತಿಲ್ಲ.

ಗಾಡಿ 1968ರ ಜಾವಾ 250, ನಮ್ಮ ಮೈಸೂರು ಫ್ಯಾಕ್ಟರೀದೇ. ಅಪ್ಪ ಸಕ್ಕರೆ ಕಾರ್ಖಾನೆ ಮೈಷುಗರ್‌ನಲ್ಲಿದ್ದಾಗ ಮಂಡ್ಯದಲ್ಲೇ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗ ಅವರಿಗೆ 78. ಐದಾರು ವರ್ಷದಿಂದ ಗಾಡಿ ಮೈಸೂರಲ್ಲಿ ನನ್ನ ಹತ್ರ ಇದೆ. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಲ್ಲಿ ಫುಲ್ ಇಂಜಿನ್ ಕೆಲಸ ಮಾಡಿಸಿದ್ದೆ. ಬೋರು, ಪಿಸ್ಟನ್, ಅದನ್ನ ಕ್ರ್ಯಾಂಕಿಗೆ ಸೇರಿಸೋ ಕಾನ್‌ರಾಡ್ ಕಿಟ್, ಬೇರಿಂಗು, ಸೀಲು ಎಲ್ಲಾ ಹೊಸದು ಅಂತ ಬಿಲ್ಲಲ್ಲಿದೆ. ಆಮೇಲೆ ಓಡಿರೋದು ಮೂರು ಸಾವಿರ ಕಿಲೋಮೀಟರ್ ಅಷ್ಟೇ.

ಹೋದ ಗುರುವಾರ ಊರಿಗೆ ಹೊರಟೆ. ಶ್ರೀರಂಗಪಟ್ಟಣ ದಾಟಿ ಸರ್ವಿಸ್ ರೋಡಲ್ಲಿ 65-70ರಲ್ಲಿ ಹೋಗ್ತಿದ್ದೆ. ಮಟಮಟ ಮಧ್ಯಾಹ್ನ. ಇದ್ದಕ್ಕಿದ್ದಂಗೆ ಹಿಂದಿನಿಂದ ಯಾರೋ ಹಿಡಿದು ಎಳೆದಂಗೆ ಗಾಡಿ ಬಿಗಿಯಾಯ್ತು, ಕ್ಲಚ್ ಹಿಡಿಯೋಷ್ಟರಲ್ಲಿ ಆಫ್. ಮರದ ಕೆಳಗೆ ನಿಲ್ಲಿಸಿ ಹತ್ತು ನಿಮಿಷ ಎಳನೀರು ಕುಡಿದೆ. ಕಿಕ್ ಹೊಡೆದ್ರೆ ಸ್ಟಾರ್ಟ್! ಬಿಸಿಯಾಗಿತ್ತೇನೋ ಅಂದ್ಕೊಂಡು ಮತ್ತೆ ಹೊರಟೆ. ಗಣಂಗೂರು ಹತ್ರ ಒಳಗಿಂದ ಟಣ್ ಅಂತ ಒಂದು ಸದ್ದು, ಅದರ ಹಿಂದೆನೇ ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದಂಗೆ. ಹಿಂದಿನ ಚಕ್ರ ಲಾಕ್. ಗಾಡಿ ಅಡ್ಡಡ್ಡ ಜಾರ್ತು, ಹೇಗೋ ಬೀಳ್ಲಿಲ್ಲ. ಚಾಮುಂಡಮ್ಮ ದೊಡ್ಡೋಳು.

ಬಿಚ್ಚಿ ನೋಡಿದ್ರೆ ಕಾನ್‌ರಾಡು ಪಿಸ್ಟನ್ ಪಿನ್ನಿಂದ ಒಂದಿಂಚು ಕೆಳಗೆ ತುಂಡು. ಪಿಸ್ಟನ್ ಕೆಳಭಾಗ ಚೂರುಚೂರು. ಲೈನರ್ ಬುಡ ಒಡೆದಿದೆ. ಕ್ರ್ಯಾಂಕ್ ಕೂರೋ ಡಬ್ಬ, ಅಂದ್ರೆ ಕ್ರ್ಯಾಂಕ್‌ಕೇಸಿನ ಮುಂಭಾಗದಲ್ಲಿ ನಿಂಬೆಹಣ್ಣು ತೂರೋಷ್ಟು ತೂತು.

ಒಬ್ಬ ಮೆಕ್ಯಾನಿಕ್ಕು "ಕೇಸ್ ಗುಜರಿಗೆ ಹಾಕಿ, ಯೆಜ್ಡಿ ರೋಡ್‌ಕಿಂಗ್ ಗಾಡಿ ಇಂಜಿನ್ ಇದೆ, ಎರಡು ದಿನದಲ್ಲಿ ಕೂರಿಸ್ಕೊಡ್ತೀನಿ" ಅಂತಾನೆ. ಇನ್ನೊಬ್ಬ ವೆಲ್ಡ್ ಮಾಡ್ಬಹುದು, ಗ್ಯಾರಂಟಿ ಇಲ್ಲ ಅಂತಾನೆ. ಇಂಜಿನ್ ನಂಬರ್ ಇರೋದು ಈ ಕೇಸಿನ ಮೇಲೇ. ಏನ್ ಮಾಡ್ಲಿ?

ಅಪ್ಪಂಗೆ ಇನ್ನೂ ಹೇಳಿಲ್ಲ. ವೈರಿಂಗ್ ಕೆಲಸಕ್ಕೆ ಬಿಟ್ಟಿದೀನಿ ಅಂದಿದೀನಿ.

ರೋಡ್‌ಕಿಂಗ್ ರಾಯ | ಸೋಮವಾರ ರಾತ್ರಿ 10:20
ಅಯ್ಯೋ ಗುರು. ಓದಿ ಹೊಟ್ಟೆ ತೊಳೆಸ್ದಂಗಾಯ್ತು.

ಬುಲೆಟ್ ಬಾಸು | ಸೋಮವಾರ ರಾತ್ರಿ 10:24
ಅದಕ್ಕೇ ಹೇಳೋದು, ಬುಲೆಟ್ ತಗೊಳ್ಳಿ ಅಂತ.

ಹೊಗೆ ಪ್ರಿಯೆ | ಸೋಮವಾರ ರಾತ್ರಿ 10:26
ಬಾಸು, ನಿಮ್ಮ ಬುಲೆಟ್ ಹೋದ ತಿಂಗಳು ಚಾಮುಂಡಿ ಬೆಟ್ಟದ ಅರ್ಧದಲ್ಲಿ ಆಯಿಲ್ ಕಾರ್ಕೊಂಡು ನಿಂತಿತ್ತಲ್ಲ, ತಳ್ಳಿದ್ದು ನಾನೂ ನಮ್ಮಣ್ಣನೂ. ನೆನಪಿದ್ಯಾ?

ಬುಲೆಟ್ ಬಾಸು | ಸೋಮವಾರ ರಾತ್ರಿ 10:27
ಅದು ಬೇರೆ ವಿಷಯ.

ಹೊಸಬ 22 | ಸೋಮವಾರ ರಾತ್ರಿ 10:41
ಸರ್, ಇಂಜಿನ್ ಆಯಿಲ್ ಚೆಕ್ ಮಾಡಿದ್ರಾ? ಆಯಿಲ್ ಫುಲ್ ಇದ್ರೆ ಪಿಸ್ಟನ್ ಹೆಂಗೆ ಹಿಡಿಯತ್ತೆ?

ರೋಡ್‌ಕಿಂಗ್ ರಾಯ | ಸೋಮವಾರ ರಾತ್ರಿ 10:49
ತಮ್ಮಾ, ಇದು ಟೂ ಸ್ಟ್ರೋಕು. ಕೆಳಗೆ ಹಾಕೋ ಆಯಿಲ್ಲು ಗೇರಿಗೆ, ಕ್ಲಚ್ಚಿಗೆ, ಪ್ರೈಮರಿ ಚೈನಿಗೆ ಮಾತ್ರ. ಪಿಸ್ಟನ್ನು, ಕ್ರ್ಯಾಂಕ್ ಬೇರಿಂಗು, ಕಾನ್‌ರಾಡ್ ಎರಡೂ ತುದಿ ಬದುಕೋದು ಪೆಟ್ರೋಲ್ ಜೊತೆ ಬೆರೆಸೋ 2ಟಿ ಆಯಿಲ್ಲಲ್ಲೇ. ಗೇರ್ ಆಯಿಲ್ಲು ಕಂಠಪೂರ್ತಿ ಇದ್ರೂ ಟ್ಯಾಂಕಲ್ಲಿ ಬರೀ ಪೆಟ್ರೋಲ್ ಇದ್ರೆ ಕತೆ ಮುಗೀತು.

ಅಂದಹಾಗೆ ಕೆಂಪು ಜಾವಾ, ಲೀಟರಿಗೆ ಎಷ್ಟು ಹಾಕ್ತಿದ್ರಿ?

ಕೆಂಪು ಜಾವಾ 68 | ಸೋಮವಾರ ರಾತ್ರಿ 10:55
20 ಎಂಎಲ್. ಆ ಗ್ಯಾರೇಜವರೇ ಹೇಳಿದ್ದು, ಈಗಿನ ಆಯಿಲ್ ಒಳ್ಳೇದು, 20 ಸಾಕು, ಜಾಸ್ತಿ ಹಾಕಿದ್ರೆ ಹೊಗೆ ಅಂತ.

ರೋಡ್‌ಕಿಂಗ್ ರಾಯ | ಸೋಮವಾರ ರಾತ್ರಿ 10:56
ಸಿಕ್ಕಿಬಿದ್ದ ಕಳ್ಳ! 20 ಹಾಕೋದು ಹಳೇ ಸ್ಕೂಟರಿಗೆ. ಜಾವಾಗೆ 40. ಕೇಸ್ ಕ್ಲೋಸ್.

ಹೊಗೆ ಪ್ರಿಯೆ | ಸೋಮವಾರ ರಾತ್ರಿ 11:08
ಕ್ಲೋಸ್ ಏನಲ್ಲ. ನಾನು ನನ್ನ ಯೆಜ್ಡಿಗೆ ನಾಲ್ಕು ವರ್ಷದಿಂದ 25-30 ಹಾಕ್ತಿದೀನಿ, ಕೊಡಗಿಗೆ ಹೋಗಿ ಬಂದಿದೀನಿ. 40 ಲೆಕ್ಕ ಬಂದಿದ್ದು ಬರೀ ಮೊಬಿಲ್ ಆಯಿಲ್ ಬೆರೆಸ್ತಿದ್ದ ಕಾಲದಲ್ಲಿ. ಇನ್ನೊಂದು ವಿಷಯ, ಆಯಿಲ್ ಜಾಸ್ತಿ ಆದಷ್ಟೂ ಕಾರ್ಬುರೇಟರಿನ ಅದೇ ಜೆಟ್ಟಲ್ಲಿ ಪೆಟ್ರೋಲ್ ಕಮ್ಮಿ ಹೋಗತ್ತೆ. ಸುಮ್ನೆ ಸುರಿದ್ರೆ ಅದೂ ಲೀನ್, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗತ್ತೆ. 20 ಕಮ್ಮೀನೇ, ಒಪ್ತೀನಿ. ಆದ್ರೆ ಬರೀ ಅದರಿಂದ ಮೂರು ಸಾವಿರ ಕಿಲೋಮೀಟರಿಗೆ ರಾಡ್ ತುಂಡಾಗಲ್ಲ.

ರೋಡ್‌ಕಿಂಗ್ ರಾಯ | ಸೋಮವಾರ ರಾತ್ರಿ 11:11
ಮೇಡಂ, ನಿಮ್ಮ ಅದೃಷ್ಟ ಎಲ್ರಿಗೂ ಇರಲ್ಲ. 25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ಲು, ಅಂದ್ರೆ ಲೀಟರಿಗೆ 40 ಎಂಎಲ್ಲು. ನಮ್ಮಪ್ಪ ಹಾಕ್ತಿದ್ರು, ನಾನೂ ಹಾಕ್ತೀನಿ.

ಹೊಗೆ ಪ್ರಿಯೆ | ಸೋಮವಾರ ರಾತ್ರಿ 11:12
ನಿಮ್ಮ ಸೈಲೆನ್ಸರ್ ಒಳಗಿನ ಮಸೀಲಿ ಒಂದು ಬೀದಿಯ ಮಕ್ಕಳಿಗೆಲ್ಲ ಕಾಡಿಗೆ ಮಾಡ್ಬಹುದು.

ಗಣಂಗೂರು ಗೌಡ | ಮಂಗಳವಾರ ಬೆಳಗ್ಗೆ 6:30
ಅಣ್ಣೋ, ನಮ್ಮೂರತ್ರನೇ ನಿಂತೋಯ್ತಾ? ಒಂದು ಮಾತು ಏಳಿದ್ರೆ ಟ್ಯಾಕ್ಟರ್ ತಂದು ಎಳ್ಕಂಡ್ ಓಯ್ತಿದ್ದೆ. ನಮ್ತಾವ ಒಂದು ಎಜ್ಡಿ ಐತೆ, ಕಬ್ಬಿನ್ ಗದ್ದೆಗೆ ಅದ್ರಲ್ಲೇ ಓಗೋದು. ಪಿಸ್ಟನ್ನು ಮೂರು ಸತಿ ಇಡ್ದೈತೆ. ಇಡ್ದಾಗೆಲ್ಲ ನಮ್ಮಯ್ಯ ಏಳೋದು ಒಂದೇ: ಮೊದಲ್ನೇ ಸತಿ ಇಡಿದ್ರೆ ಅದು ಕರಿತಾ ಅದೆ ಅಂತ, ತಳ್ಕಂಡ್ ಮನೆಗೆ ಬಾ. ನೀವು ಎಳ್ನೀರ್ ಕುಡ್ದು ಮತ್ತೆ ಒಡದ್ರಲ್ಲ, ಅದೇ ಕಣಣ್ಣ ತಪ್ಪು.

ಕೆಂಪು ಜಾವಾ 68 | ಮಂಗಳವಾರ ಬೆಳಗ್ಗೆ 8:02
ಗೌಡ್ರೇ, ಅದನ್ನೇ ನಾಲ್ಕು ದಿನದಿಂದ ನೆನೆಸ್ಕೊಂಡು ತಲೆ ಚಚ್ಕೋತಿದೀನಿ. ಇನ್ನೊಂದು ನಾಚಿಕೆ ವಿಷಯ. ಎರಡು ತಿಂಗಳ ಹಿಂದೆ ಊರಿಗೆ ತಗೊಂಡು ಹೋಗಿದ್ದಾಗ ಅಪ್ಪ ಒಳಗೆ ಕೂತಿದ್ದವರು ಸದ್ದು ಕೇಳಿ "ಮೇಲ್ಗಡೆ ಏನೋ ಕೊಟಕೊಟ ಅಂತೈತಲ್ಲೋ" ಅಂದ್ರು. ಹೊಸ ಪಿಸ್ಟನ್ ಅಪ್ಪಾ, ಸೆಟ್ ಆಗ್ತಿದೆ ಅಂದಿದ್ದೆ.

ಲೇತ್ ಮನುಷ್ಯ | ಮಂಗಳವಾರ ಬೆಳಗ್ಗೆ 9:15
ಕೆಲಸಕ್ಕೆ ಹೊರಡೋಕೆ ಮುಂಚೆ ಎರಡು ಮಾತು. ಬನ್ನಿಮಂಟಪದ ಕಡೆ ಲೇತ್ ಇಟ್ಕೊಂಡು 31 ವರ್ಷ ಆಯ್ತು, ಜಾವಾ ಯೆಜ್ಡಿ ಬ್ಲಾಕುಗಳು ಎಷ್ಟು ಬೋರ್ ಹೊಡೆದಿದೀನೋ ಲೆಕ್ಕ ಇಟ್ಟಿಲ್ಲ.

ಎಲ್ರೂ ಆಯಿಲ್ಲು ಆಯಿಲ್ಲು ಅಂತಿದೀರಿ. ಮೊದಲು ತುಂಡಾದ ರಾಡನ್ನ ಬಿಸಿಲಿಗೆ ಹಿಡಿದು ಮುರಿದ ಮುಖ ನೋಡಿ. ಪೂರ್ತಿ ಒರಟಾಗಿ, ಸಕ್ಕರೆ ಅಚ್ಚು ಮುರಿದಂಗೆ ಹರಳುಹರಳಾಗಿದ್ರೆ ಅದು ಆವತ್ತೇ ಒಂದೇಟಿಗೆ ಮುರಿದಿದ್ದು. ಒಂದು ಕಡೆ ನುಣ್ಣಗಿದ್ದು, ಕೆರೆ ದಂಡೇಲಿ ನೀರು ಇಳಿದ ಗುರುತಿನ ಥರ ಸಾಲುಸಾಲು ಗೆರೆ ಕಂಡ್ರೆ, ಅಲ್ಲಿ ಬಿರುಕು ಬಹಳ ದಿನದಿಂದ ಬೆಳೀತಾ ಇತ್ತು ಅಂತ ಅರ್ಥ. ಉಳಿದ ಸ್ವಲ್ಪ ಜಾಗ ಮಾತ್ರ ಆವತ್ತು ಹರಿದಿರತ್ತೆ.

ಎರಡನೇದು, ಒಂದು ಚೂರನ್ನೂ ಬಿಸಾಡಬೇಡಿ. ಕೇಸಿನ ತುಂಡುಗಳು ಸಿಕ್ಕಿದ್ರೆ ಅವನ್ನೇ ಜೋಡಿಸಿ ವೆಲ್ಡ್ ಮಾಡೋದು ವಾಸಿ, ಬೇರೆ ತೇಪೆಗಿಂತ.

ಮೂರನೇದು, ಸುತ್ತಿಗೆ ತಗೊಂಡು ಕೇಸ್ ಬಿಡಿಸೋಕೆ ಯಾರಾದ್ರೂ ಬಂದ್ರೆ ಕೈ ಕಟ್ಟಿಹಾಕಿ. ಬೇರಿಂಗ್ ಜಾಗಕ್ಕೆ ಹದವಾಗಿ ಬಿಸಿ ಕೊಟ್ರೆ ಅಲ್ಯೂಮಿನಿಯಂ ಹಿಗ್ಗತ್ತೆ, ಬೇರಿಂಗ್ ತಾನಾಗೇ ಬಿಡತ್ತೆ.

ಯಾದವಗಿರಿ ಹಳಬ | ಮಂಗಳವಾರ ಮಧ್ಯಾಹ್ನ 12:40
ನಾನು ಮೈಸೂರಿನ ಜಾವಾ ಫ್ಯಾಕ್ಟರಿ ಐಡಿಯಲ್ ಜಾವಾದಲ್ಲಿ 1974ರಿಂದ ಬಾಗಿಲು ಮುಚ್ಚುವವರೆಗೆ, ಅಂದರೆ 1996ರವರೆಗೆ ಇದ್ದವನು. ಅಸೆಂಬ್ಲಿ ಸೆಕ್ಷನ್. ಲೇತಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದೊಂದು ಸೇರಿಸುತ್ತೇನೆ.

ಕ್ರ್ಯಾಂಕಿನ ಎರಡು ಕಡೆ ಎರಡು ಆಯಿಲ್ ಸೀಲುಗಳಿರುತ್ತವೆ. ಎಡಗಡೆಯದು, ಪ್ರೈಮರಿ ಚೈನಿನ ಕಡೆಯದು ಹೋದರೆ ಇಂಜಿನ್ನು ಗೇರ್ ಆಯಿಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಟ್ಟ ಬಿಳಿ ಹೊಗೆ, ಆಯಿಲ್ ಕಡಿಮೆಯಾಗುವುದು, ಪ್ಲಗ್ ನೆನೆಯುವುದು, ಇವೆಲ್ಲ ಕಣ್ಣಿಗೆ ಕಾಣುತ್ತವೆ. ಬಲಗಡೆಯದು, ಡೈನಮೋ ಹಿಂದಿನದು ಹೋದರೆ ಏನೂ ಕಾಣುವುದಿಲ್ಲ. ಅದು ಗಾಳಿ ಎಳೆಯುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ ಗಾಳಿ ಹೆಚ್ಚಾದಾಗ ಇಂಜಿನ್ ಬಿಸಿ ಏರುತ್ತದೆ. ಮಜಾ ಏನೆಂದರೆ ಗಾಡಿ ಆಗ ಮೊದಲಿಗಿಂತ ಚುರುಕಾಗಿ ಓಡಿದ ಹಾಗೆ ಅನಿಸುತ್ತದೆ! ಥ್ರಾಟಲ್ ಬಿಟ್ಟರೂ ಇಂಜಿನ್ ತಕ್ಷಣ ಇಳಿಯದೆ ಮೇಲೇ ನಿಂತಿರುತ್ತದೆ. ನಿಮ್ಮ ಗಾಡಿಯಲ್ಲಿ ಹಾಗೇನಾದರೂ ಆಗುತ್ತಿತ್ತೇ? ಪ್ಲಗ್ ಬಣ್ಣ ಏನಿತ್ತು?

ಕೆಂಪು ಜಾವಾ 68 | ಮಂಗಳವಾರ ಮಧ್ಯಾಹ್ನ 1:05
ಸರ್, ಮೈ ಜುಂ ಅಂತು. ಹೌದು. ಸಿಗ್ನಲ್‌ನಲ್ಲಿ ನಿಂತಾಗ ರೇಸ್ ಇಳೀತಿರ್ಲಿಲ್ಲ, ಕೇಬಲ್ ಬಿಗಿ ಇರಬೇಕು ಅಂತ ಎರಡು ಸಲ ಕೇಬಲ್ ಬದಲಾಯಿಸಿದೆ. ಗಾಡಿ ಸಖತ್ ಓಡ್ತಿದೆ ಅಂತ ಖುಷಿನೂ ಪಟ್ಟಿದ್ದೆ. ಪ್ಲಗ್ ಈಗ ನೋಡಿದೆ. ಸುಣ್ಣ ಬಳಿದಂಗೆ ಬೆಳ್ಳಗಿದೆ.

ಯಾದವಗಿರಿ ಹಳಬ | ಮಂಗಳವಾರ ಮಧ್ಯಾಹ್ನ 1:20
ಡೈನಮೋ ಬಿಚ್ಚಿ ಸೀಲ್ ನೋಡಿ.

ಹೊಸಬ 22 | ಮಂಗಳವಾರ ಮಧ್ಯಾಹ್ನ 1:31
ತಾತ, ಫ್ಯಾಕ್ಟರಿ ಬಗ್ಗೆ ಇನ್ನೂ ಹೇಳಿ ಪ್ಲೀಸ್. ನಾನು ಒಂಟಿಕೊಪ್ಪಲ್‌ನವನೇ, ಯಾದವಗಿರೀಲಿ ಬೈಕ್ ಮಾಡ್ತಿದ್ರು ಅಂತ ಮೊನ್ನೆ ಮೊನ್ನೆ ಗೊತ್ತಾಗಿದ್ದು.

ಯಾದವಗಿರಿ ಹಳಬ | ಮಂಗಳವಾರ ಸಂಜೆ 5:10
ಹೇಳುವುದಕ್ಕೆ ಒಂದು ರಾತ್ರಿ ಸಾಲದು ಮಗು. ಉದ್ಘಾಟನೆ ಮಾಡಿದವರು ಜಯಚಾಮರಾಜೇಂದ್ರ ಒಡೆಯರು, ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು. ಜಾವಾ ಹೆಸರು ಹೋಗಿ ಯೆಜ್ಡಿ ಬಂದಾಗ ಇದ್ಯಾವ ಹೆಸರಪ್ಪಾ ಎಂದು ಊರೆಲ್ಲ ನಕ್ಕಿತ್ತು. ಅದು ಇರಾನಿನ ಯಜ್ದ್ ಊರಿನಿಂದ ಬಂದ ಹೆಸರು, ಮಾಲೀಕರು ಇರಾನಿ ಮನೆತನದವರಲ್ಲವೇ. ಶಿಫ್ಟ್ ಬಿಟ್ಟರೆ ಯಾದವಗಿರಿಯಿಂದ ಸೈಕಲ್ಲುಗಳ ಹೊಳೆ. ನೆನಪಿಡು, ಬೈಕ್ ಮಾಡುವವರಲ್ಲಿ ಬಹಳ ಜನ ಸೈಕಲ್ಲಿನಲ್ಲೇ ಬರುತ್ತಿದ್ದರು.

ರೋಡ್‌ಕಿಂಗ್ ರಾಯ | ಮಂಗಳವಾರ ಸಂಜೆ 5:30
ಕೊನೇ ಸಾಲು ಚುಚ್ಚಿತು ಸರ್.

ಬುಲೆಟ್ ಬಾಸು | ಮಂಗಳವಾರ ಸಂಜೆ 5:42
ಎಲ್ಲಾ ಬಿಡಿ, ನಿಜವಾದ ಕಳ್ಳ ಇ20, ಅದೇ 20% ಎಥನಾಲ್ ಬೆರೆಸಿದ ಪೆಟ್ರೋಲು. ಯಾರೂ ಅದರ ಬಗ್ಗೆ ಮಾತಾಡ್ತಿಲ್ಲ ಯಾಕೆ?

ಗಣಂಗೂರು ಗೌಡ | ಮಂಗಳವಾರ ಸಂಜೆ 5:50
ನಾವು ಬೆಳ್ದ ಕಬ್ಬು, ನಮ್ ಕಾಕಂಬಿ, ಅದ್ರಲ್ಲೇ ಎಥನಾಲು, ಅದು ಬಂದು ನಮ್ ಗಾಡಿ ಪಿಸ್ಟನ್ನೇ ಇಡೀತದೆ. ಎಂಗೈತೆ ನೋಡಿ ಗಾಚಾರ.

ಹೊಗೆ ಪ್ರಿಯೆ | ಮಂಗಳವಾರ ಸಂಜೆ 6:15
ಗೌಡ್ರೇ 😂

ಬಾಸು ಹೇಳಿದ್ರಲ್ಲಿ ಅರ್ಧ ನಿಜ ಇದೆ. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಎಥನಾಲಿನೊಳಗೇ ಆಮ್ಲಜನಕ ಇರೋದ್ರಿಂದ ಇ20ಗೆ 13.5ರ ಆಸುಪಾಸು. ಅಂದ್ರೆ 68ರ ಜೆಟ್ಟನ್ನ ಹಂಗೇ ಬಿಟ್ರೆ ಮಿಶ್ರಣ ತಾನಾಗೇ ಸ್ವಲ್ಪ ಲೀನ್. ಈಗಿನ ಗಾಡಿಗಳಲ್ಲಿ ಸೆನ್ಸರ್ ಸರಿ ಮಾಡ್ಕೊಳ್ಳತ್ತೆ, ನಮ್ಮ ಕಾರ್ಬುರೇಟರಿಗೆ ಯಾರು ಹೇಳ್ಬೇಕು? ಮೇನ್ ಜೆಟ್ಟು ಒಂದೆರಡು ಸೈಜು ದೊಡ್ಡದು ಹಾಕ್ಬೇಕು. ಗಾಡಿ ತಿಂಗಳುಗಟ್ಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡಿಡಿ, ಎಥನಾಲು ನೀರನ್ನ ಎಳ್ಕೊಳ್ಳತ್ತೆ. ಹಳೇ ರಬ್ಬರು ವಾಷರುಗಳೂ ಊದ್ಕೊಳ್ತವೆ.

ಇ20ಯಿಂದ ಒಂದಷ್ಟು ಲೀನು, ಸೀಲಿಂದ ಒಂದಷ್ಟು ಲೀನು, ಮೇಲೆ 20 ಎಂಎಲ್ ಆಯಿಲ್ಲು, ಬಿಸಿಲಲ್ಲಿ 70. ಒಂದೊಂದೇ ಆಗಿದ್ರೆ ತಡ್ಕೊಳ್ತಿತ್ತೇನೋ.

ಆರ್‌ಸಿ ಬುಕ್ಕು | ಮಂಗಳವಾರ ರಾತ್ರಿ 9:00
ಇಂಜಿನ್ ಬದಲಾಯಿಸೋದರ ಬಗ್ಗೆ. ಬೇರೆ ಇಂಜಿನ್ ಕೂರಿಸಿದ್ರೆ ಆರ್‌ಸಿಲಿ ಹೊಸ ಇಂಜಿನ್ ನಂಬರ್ ಸೇರಿಸಲೇಬೇಕು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಆರ್‌ಟಿಒ ಒಪ್ಪಿಗೆ ಇಲ್ದೆ ಬದಲಾವಣೆ ಮಾಡಂಗಿಲ್ಲ. ಆ ಇಂಜಿನ್ ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ಬೇಕು. ಗುಜರಿ ಇಂಜಿನ್ನಿಗೆ ಕಾಗದ ಯಾರು ಕೊಡ್ತಾರೆ? ಅದು ಕಳವು ಗಾಡಿದಾಗಿದ್ರೆ ಸ್ಟೇಷನ್ ಮೆಟ್ಲು ಹತ್ತೋದು ನೀವೇ.

ರೋಡ್‌ಕಿಂಗ್ ರಾಯ | ಮಂಗಳವಾರ ರಾತ್ರಿ 9:06
ಹಳೇ ನಂಬರನ್ನೇ ಹೊಸ ಕೇಸ್ ಮೇಲೆ ಪಂಚ್ ಮಾಡಿಸಿಬಿಟ್ರೆ? ಎಷ್ಟೋ ಜನ ಮಾಡಿಸಿದಾರಲ್ಲ.

ಆರ್‌ಸಿ ಬುಕ್ಕು | ಮಂಗಳವಾರ ರಾತ್ರಿ 9:08
ರಾಯರೇ, ಅದು ಅಪರಾಧ. ಇಲ್ಲಿ ಬರೀಲೂ ಬೇಡಿ.

ನಿರ್ವಾಹಕ | ಮಂಗಳವಾರ ರಾತ್ರಿ 9:20
ನಂಬರ್ ಪಂಚಿಂಗ್ ಬಗ್ಗೆ ಇನ್ನೊಂದು ಮಾತು ಬಂದ್ರೆ ಚರ್ಚೆಗೆ ಬೀಗ.

ರೋಡ್‌ಕಿಂಗ್ ರಾಯ | ಮಂಗಳವಾರ ರಾತ್ರಿ 9:21
ಕೇಳಿದ್ದಷ್ಟೇ ಸ್ವಾಮಿ, ಮಾಡಿಲ್ಲ.

ಹೊಸಬ 22 | ಮಂಗಳವಾರ ರಾತ್ರಿ 9:35
ಇನ್ಶೂರೆನ್ಸ್ ಕ್ಲೇಮ್ ಆಗಲ್ವಾ?

ಆರ್‌ಸಿ ಬುಕ್ಕು | ಮಂಗಳವಾರ ರಾತ್ರಿ 9:38
ಗುದ್ದಿದ್ರೆ ಆಗತ್ತೆ. ಒಳಗಿನ ಯಂತ್ರ ಕೆಟ್ರೆ ಸಾಮಾನ್ಯ ಪಾಲಿಸೀಲಿ ಆಗಲ್ಲ. ಇನ್ನು ವಿಂಟೇಜ್ ನೋಂದಣಿ ಬಗ್ಗೆ ಒಬ್ರು ಮೆಸೇಜಲ್ಲಿ ಕೇಳಿದ್ರು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ಸಿಗತ್ತೆ, 68ರದ್ದು ಅರ್ಹ. ಹೊಸದಾಗಿ ಮಾಡಿಸೋಕೆ ಶುಲ್ಕ 20,000. ಆದ್ರೆ ವಿಂಟೇಜ್ ಅಂತ ಮಾಡಿಸಿದ್ರೆ ದಿನಾ ಓಡಿಸಂಗಿಲ್ಲ, ಪ್ರದರ್ಶನ, ರ್‍ಯಾಲಿ ಥರದ್ದಕ್ಕೆ ಮಾತ್ರ. ಊರಿಗೆ ಹೋಗಿಬರೋ ಗಾಡಿಗೆ ಅದು ಬೇಡ, ಮಾಮೂಲಿ ಆರ್‌ಸಿ ರಿನ್ಯೂವಲ್ಲೇ ಇಟ್ಕೊಳ್ಳಿ.

ಕೆಂಪು ಜಾವಾ 68 | ಬುಧವಾರ ರಾತ್ರಿ 9:50
ಇವತ್ತು ಅರ್ಧ ದಿನ ರಜಾ ಹಾಕಿ ಎಲ್ಲಾ ನೋಡಿದೆ.

ಬಲಗಡೆ ಸೀಲು: ಅಂಗಿ ಗುಂಡಿ ಥರ ಗಟ್ಟಿ. ಉಗುರು ಒತ್ತಿದ್ರೆ ಬಗ್ಗಲ್ಲ. ತುಟಿ ಒಂದು ಕಡೆ ಸೀಳಿದೆ. ಎರಡು ವರ್ಷದ್ದು ಅಂತೂ ಅಲ್ಲ.

ರಾಡು: ಲೇತ್ ಅಣ್ಣ ಹೇಳಿದಂಗೇ. ಮುಕ್ಕಾಲು ಭಾಗ ನುಣ್ಣಗೆ, ಕಪ್ಪಗೆ ಆಯಿಲ್ ಕುಡಿದಿದೆ, ಗೆರೆ ಗೆರೆ. ಕಾಲು ಭಾಗ ಮಾತ್ರ ಹೊಸದಾಗಿ ಬೆಳ್ಳಗೆ ಮುರಿದಿದೆ. ಫೋಟೋ ಹಾಕಿದೀನಿ.

ಲೇತ್ ಮನುಷ್ಯ | ಬುಧವಾರ ರಾತ್ರಿ 10:30
ಫೋಟೋ ನೋಡಿದೆ. ರಾಡಿನ ಪಕ್ಕದಲ್ಲಿ ಅಡ್ಡ ಗೀರು ಕಾಣ್ತಿದ್ಯಲ್ಲ, ಬಿರುಕು ಶುರುವಾಗಿರೋದು ಅಲ್ಲಿಂದ. ಯಾವುದೋ ಕಾಲದಲ್ಲಿ ಯಾರೋ ಪಿನ್ ಹೊಡೆಯೋವಾಗ ಸ್ಕ್ರೂಡ್ರೈವರ್ ಕೊಟ್ಟು ಎತ್ತಿದಾರೆ. ಇದು ಹಳೇ ರಾಡು ಸ್ವಾಮಿ. ನಿಮ್ಮ ಬಿಲ್ಲಲ್ಲಿ ಕಿಟ್ ಅಂತ ಬರೆದಿದಾರೆ, ಇಂಜಿನ್ನಿಗೆ ಹಾಕಿಲ್ಲ. ಮೇಲೆ ಪಿನ್ ಕೂರೋ ಜಾಗಕ್ಕೆ ಹೊಸ ಬುಶ್ ಒಂದು ಹೊಡೆದು ಕೈ ತೊಳ್ಕೊಂಡಿದಾರೆ. ನಿಮ್ಮಪ್ಪಾಜಿ ಕೇಳಿಸ್ಕೊಂಡ ಕೊಟಕೊಟ ಬಹುಶಃ ಆ ಬುಶ್ಶು.

ಪಿಸ್ಟನ್ ಮೊದಲ ಸಲ ಹಿಡಿದಾಗ ಏನಾಗತ್ತೆ ಅಂದ್ರೆ, ಪಿಸ್ಟನ್ನು ಬೋರಲ್ಲಿ ಕಚ್ಕೊಂಡು ನಿಲ್ಲತ್ತೆ, ಗಾಡಿ ಓಡೋ ವೇಗಕ್ಕೆ ಕ್ರ್ಯಾಂಕು ಅದನ್ನ ಕೆಳಕ್ಕೆ ಜಗ್ಗತ್ತೆ. ಮಧ್ಯದಲ್ಲಿ ಸಿಕ್ಕಿಕೊಂಡಿರೋದು ರಾಡು. ಮುಕ್ಕಾಲು ಬಿರುಕು ಬಿಟ್ಟಿದ್ದ ರಾಡಿಗೆ ಆ ಜಗ್ಗಾಟ ಸಾಕು. ನಿಮ್ಮನ್ನ ಗಣಂಗೂರಿನವರೆಗೂ ಕರ್ಕೊಂಡು ಬಂದಿದ್ದೇ ದೊಡ್ಡದು.

ಕೆಂಪು ಜಾವಾ 68 | ಬುಧವಾರ ರಾತ್ರಿ 10:41
ಆ ಗ್ಯಾರೇಜಿಗೆ ಫೋನ್ ಮಾಡಿದೆ. "ಎರಡು ವರ್ಷ ಆದ್ಮೇಲೆ ಬಂದು ಕೇಳಿದ್ರೆ?" ಅಂದು ಇಟ್ಟುಬಿಟ್ಟ.

ಬುಲೆಟ್ ಬಾಸು | ಬುಧವಾರ ರಾತ್ರಿ 10:44
ಹೆಸರು ಹಾಕಿ ಇಲ್ಲಿ. ನಾವೆಲ್ಲಾ ಹೋಗಿ ಕೇಳೋಣ.

ನಿರ್ವಾಹಕ | ಬುಧವಾರ ರಾತ್ರಿ 10:46
ಹೆಸರು ಬೇಡ.

ಹೊಗೆ ಪ್ರಿಯೆ | ಬುಧವಾರ ರಾತ್ರಿ 10:58
ಇದಕ್ಕೇ ನಾನು ಹಳೇ ಸಾಮಾನೆಲ್ಲ ಚೀಲದಲ್ಲಿ ಹಾಕಿ ವಾಪಸ್ ಕೊಡಿ ಅಂತ ಮೊದಲೇ ಹೇಳೋದು. ಹೊಸ ರಾಡ್ ಹಾಕಿದ್ರೆ ಹಳೇ ರಾಡ್ ಎಲ್ಲಿ? ತೋರ್ಸಿ. ನನ್ನನ್ನ ನೋಡಿದ್ರೆ ಮೆಕ್ಯಾನಿಕ್‌ಗಳು "ಮೇಡಂ ಬಂದ್ರು, ಚೀಲ ತಗೊಳ್ರೋ" ಅಂತಾರೆ.

ಗಣಂಗೂರು ಗೌಡ | ಗುರುವಾರ ಬೆಳಗ್ಗೆ 6:10
ತೂತ್ಗೆ ಎಂ-ಸೀಲ್ ಮೆತ್ಬುಡಿ ಅಣ್ಣ. ನಮ್ ಪಂಪ್‌ಸೆಟ್ಗೆ ಅಂಗೇ ಮಾಡಿರದು, ಆರ್ ವರ್ಸ ಆಯ್ತು.

ಲೇತ್ ಮನುಷ್ಯ | ಗುರುವಾರ ಬೆಳಗ್ಗೆ 9:20
ಗೌಡ್ರೇ, ತಮಾಷೆಗೂ ಹೇಳ್ಬೇಡಿ, ಯಾರಾದ್ರೂ ಮಾಡಿಬಿಡ್ತಾರೆ. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಇಳಿದಾಗ ಪೆಟ್ರೋಲು ಗಾಳಿ ಅಲ್ಲೇ ಒತ್ತಿ ಮೇಲಕ್ಕೆ ಹೋಗೋದು. ಕೂದಲೆಳೆ ಸಂದು ಇದ್ರೂ ಮತ್ತೆ ಗಾಳಿ ಎಳೆದು ಮತ್ತೆ ಇದೇ ರಾಮಾಯಣ.

ವೆಲ್ಡಿಂಗ್ ಹೇಗೆ ಅಂತ ಹೇಳ್ತೀನಿ. ತೂತು ಬೇರಿಂಗ್ ಕೂರೋ ಜಾಗದಿಂದ ದೂರ ಇದೆ, ಅದು ನಿಮ್ಮ ಪುಣ್ಯ. ಅಲ್ಲಿವರೆಗೂ ಬಿರುಕು ಹೋಗಿದ್ರೆ ನಾನೇ ಬೇಡ ಅಂತಿದ್ದೆ. ಐವತ್ತು ವರ್ಷದ ಅಲ್ಯೂಮಿನಿಯಂ ಆಯಿಲ್ ಕುಡಿದು ಕೂತಿರತ್ತೆ. ಚೆನ್ನಾಗಿ ತೊಳೆದು, ಬಿಸಿ ಮಾಡಿ, ಬೆವರಿದ ಆಯಿಲ್ ಒರೆಸಿ, ಮತ್ತೆ ತೊಳೆದು, ಹೀಗೆ ಎರಡು ಮೂರು ಸಲ. ಇಲ್ದಿದ್ರೆ ವೆಲ್ಡಲ್ಲಿ ಗುಳ್ಳೆ ಬರತ್ತೆ. ಆಮೇಲೆ ಎಡ ಬಲ ಎರಡೂ ಅರ್ಧ ಕೇಸ್ ಜೋಡಿಸಿ ಬೋಲ್ಟ್ ಹಾಕಿ, ಒಳಗೆ ಹಳೇ ಬೇರಿಂಗ್ ಕೂರಿಸಿಕೊಂಡೇ ಆರ್ಗಾನ್ ವೆಲ್ಡಿಂಗ್. ಹಂಗೆ ಮಾಡಿದ್ರೆ ಕೇಸ್ ಸೊಟ್ಟಗಾಗಲ್ಲ. ಸ್ವಲ್ಪ ಸ್ವಲ್ಪ ಹಾಕಿ ತಣಿಯೋಕೆ ಬಿಡ್ಬೇಕು, ಅವಸರ ಕೂಡದು. ಕೊನೆಗೆ ಬ್ಲಾಕ್ ಕೂರೋ ಮುಖ ಮಿಲ್ಲಿಂಗ್.

ಒಂದು ಕೇಸ್ ಮಾತ್ರ ಬೇರೆ ತಂದು ಜೋಡಿಸ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಎಡ ಬಲ ಎರಡನ್ನೂ ಜೋಡಿಯಾಗೇ ಕೊರೆದಿರ್ತಾರೆ, ಗಂಡ ಹೆಂಡ್ತಿ ಇದ್ದಂಗೆ.

ಹೊಗೆ ಪ್ರಿಯೆ | ಗುರುವಾರ ಬೆಳಗ್ಗೆ 9:33
ಹಂಗಾದ್ರೆ ಬಹಳ ಕೇಸು ಬೇರೆ ಬೇರೆ ಸಿಗ್ತವೆ ಲೇತ್ ಅಣ್ಣ, ಈಗಿನ ಕಾಲ.

ರೋಡ್‌ಕಿಂಗ್ ರಾಯ | ಗುರುವಾರ ಬೆಳಗ್ಗೆ 9:40
😂😂

ನನ್ನ ಮತ ಈಗ ವೆಲ್ಡಿಂಗಿಗೇ. ರೋಡ್‌ಕಿಂಗ್ ಇಂಜಿನ್ ಒಳ್ಳೇದೇ, ಆದ್ರೆ ಮೊಟ್ಟೆ ಥರ ನುಣ್ಣಗಿರೋ ಆ ಹಳೇ ಜಾವಾ ಇಂಜಿನ್ ಜಾಗದಲ್ಲಿ ಅದು ಕೂತ್ರೆ ಪಂಚೆ ಮೇಲೆ ಟೈ ಕಟ್ಟಿದಂಗೆ.

ಹೊಸಬ 22 | ಗುರುವಾರ ಬೆಳಗ್ಗೆ 10:02
ಒಂದು ಡೌಟು. ಜಾವಾ ಕೀ ಜಾಗಕ್ಕೆ ಮೊಳೆ ಹಾಕಿದ್ರೂ ಆನ್ ಆಗತ್ತೆ ಅಂತಾರಲ್ಲ, ನಿಜಾನಾ?

ಕೆಂಪು ಜಾವಾ 68 | ಗುರುವಾರ ಬೆಳಗ್ಗೆ 10:15
ನಿಜ. ಅಮ್ಮನ ಹೇರ್‌ಪಿನ್ನಲ್ಲೂ ಆಗಿದೆ. ಕದಿಯೋನಿಗೆ ಕಷ್ಟ ಕೀ ಅಲ್ಲ, ಕಿಕ್ಕರ್ರು. ಅದನ್ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಮಾತ್ರ ಕಿಕ್ಕರ್ ಆಗೋದು, ಇಲ್ದಿದ್ರೆ ಗೇರ್ ಲಿವರ್ರು. ಗೊತ್ತಿಲ್ದೋನು ಕಿಕ್ಕರ್ ಎಲ್ಲಿ ಅಂತ ಹುಡುಕೋಷ್ಟರಲ್ಲಿ ಬೆಳಗಾಗತ್ತೆ.

ಸರಿ, ವೆಲ್ಡಿಂಗ್ ಅಂತ ತೀರ್ಮಾನ. ಈಗ ತಲೆನೋವು ರಾಡ್ ಕಿಟ್ಟು. ಒಳ್ಳೇ ರಾಡು ಎಲ್ಲಿ ಸಿಗತ್ತೆ?

ಯಾದವಗಿರಿ ಹಳಬ | ಗುರುವಾರ ಸಂಜೆ 4:45
ಹೊಸದಾಗಿ ಮಾಡಿ ಮಾರುವ ಕಿಟ್ಟುಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ತಂದ ಮೇಲೆ ಲೇತಿನವರಿಗೆ ತೋರಿಸದೆ ಪ್ರೆಸ್ ಮಾಡಿಸಬೇಡಿ. ಪ್ರೆಸ್ ಆದ ಮೇಲೆ ಕ್ರ್ಯಾಂಕನ್ನು ಎರಡು ಸೆಂಟರ್ ನಡುವೆ ಕೂರಿಸಿ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಬೇಕು. ಮುಳ್ಳು 2-3 ಗೀಟಿಗಿಂತ, ಅಂದರೆ 0.02-0.03 ಮಿಲಿಮೀಟರಿಗಿಂತ ಹೆಚ್ಚು ಆಡಬಾರದು.

ಇನ್ನೊಂದು ವಿಷಯ. ತಂದೆಯವರಿಗೆ ಹೇಳಿಬಿಡಿ. ಸದ್ದು ಕೇಳಿಯೇ ಕಂಡುಹಿಡಿದವರಿಗೆ ವೈರಿಂಗ್ ಎಂದು ಎಷ್ಟು ದಿನ ಹೇಳುತ್ತೀರಿ?

ಕೆಂಪು ಜಾವಾ 68 | ಗುರುವಾರ ಸಂಜೆ 5:00
ಹೇಳ್ತೀನಿ ಸರ್. ಗಾಡಿ ಎದ್ದು ನಿಂತ ಮೇಲೆ.

ಹೊಗೆ ಪ್ರಿಯೆ | ಮೂರು ವಾರದ ನಂತರ, ಶನಿವಾರ
ಏನಾಯ್ತು? ಸದ್ದೇ ಇಲ್ಲ.

ಕೆಂಪು ಜಾವಾ 68 | ಶನಿವಾರ ರಾತ್ರಿ 8:20
ಕೇಸ್ ವೆಲ್ಡಿಂಗ್, ಮಿಲ್ಲಿಂಗ್ ಮುಗೀತು, ಬಣ್ಣ ಹೊಡೆಯದೇ ಹಂಗೇ ಬಿಟ್ಟಿದೀನಿ. ಆದ್ರೆ ರಾಡ್ ಕಿಟ್ ಎರಡು ತರಿಸಿದೆ, ಎರಡನ್ನೂ ಲೇತ್ ಅಣ್ಣ ಕೈಲಿ ಹಿಡಿದು ನೋಡಿಯೇ "ವಾಪಸ್ ಕಳ್ಸಿ" ಅಂದ್ರು. ಬೆಂಗಳೂರು ಜೆ.ಸಿ. ರೋಡೂ ಸುತ್ತಿ ಬಂದೆ.

ಬುಲೆಟ್ ಬಾಸು | ಶನಿವಾರ ರಾತ್ರಿ 8:31
ಹೋಗ್ತಾ ಮದ್ದೂರಲ್ಲಿ ವಡೆ ತಿಂದ್ರಾ?

ಕೆಂಪು ಜಾವಾ 68 | ಶನಿವಾರ ರಾತ್ರಿ 8:33
ರೈಲಲ್ಲಿ ಹೋಗಿದ್ದೆ. ಹೂಂ, ತಿಂದೆ.

ಕೆಂಪು ಜಾವಾ 68 | ಎರಡು ತಿಂಗಳ ನಂತರ, ಭಾನುವಾರ ರಾತ್ರಿ 9:15
ಕೊನೆಗೂ ಬರೀತಿದೀನಿ.

ರಾಡ್ ಸಿಗ್ಲಿಲ್ಲ. ಸೋತು ಊರಿಗೆ ಹೋಗಿ ಅಪ್ಪಂಗೆ ಎಲ್ಲಾ ಹೇಳ್ದೆ. ಬೈತಾರೆ ಅಂತ ತಲೆ ತಗ್ಗಿಸ್ಕೊಂಡು ನಿಂತಿದ್ದೆ. ಅವ್ರು ಕೇಳಿದ್ದು ಒಂದೇ, "ಮೇಲ್ಗಡೆ ಮುರೀತೋ, ಕೆಳಗಡೆನೋ?" ಮೇಲ್ಗಡೆ ಅಂದೆ. ಸುಮ್ನೆ ಎದ್ದು ಹೋಗಿ ಅಟ್ಟಕ್ಕೆ ಏಣಿ ಹಾಕು ಅಂದ್ರು. ಸಕ್ಕರೆ ಮೂಟೆ ಗೋಣಿಚೀಲದಲ್ಲಿ ಸುತ್ತಿ, ಮೇಣದ ಕಾಗದದಲ್ಲಿ ಗ್ರೀಸ್ ಬಳಿದು ಇಟ್ಟಿದಾರೆ: ರಾಡ್ ಕಿಟ್ಟು ಒಂದು, ಅರ್ಧ ಎಂಎಂ ಓವರ್‌ಸೈಜ್ ಪಿಸ್ಟನ್ ರಿಂಗು ಸಮೇತ. ಫ್ಯಾಕ್ಟರಿ ಮುಚ್ಚಿದ ವರ್ಷ ತಗೊಂಡಿಟ್ಟಿದ್ದಂತೆ. ಎರಡು ವರ್ಷದ ಹಿಂದೆ ಇಂಜಿನ್ ಬಿಚ್ಚಿಸ್ತೀನಿ ಅಂದಾಗ್ಲೂ ನಾನು ಅವ್ರನ್ನ ಒಂದು ಮಾತು ಕೇಳಿರ್ಲಿಲ್ಲ. ಅವ್ರೂ ಹೇಳಿರ್ಲಿಲ್ಲ. ನಮ್ಮನೇಲಿ ಹಂಗೇ.

ಲೇತ್ ಅಣ್ಣ ಆ ರಾಡ್ ನೋಡಿದ್ದೇ ಕಣ್ಣಿಗೆ ಒತ್ಕೊಂಡ್ರು. ಹೊಸ ಲೈನರ್ ಹಾಕಿ ಆ ಪಿಸ್ಟನ್ ಅಳತೆಗೇ ಬೋರ್ ಹೊಡೆದ್ರು. ಕ್ರ್ಯಾಂಕು ಗೇಜಲ್ಲಿ ಎರಡು ಗೀಟು. ಸೀಲು ಎರಡೂ ಹೊಸದು, ನಾನೇ ಮುಂದೆ ನಿಂತು ಹಾಕಿಸಿದೆ. ವೆಲ್ಡಿಂಗ್ 4,500, ಮಿಲ್ಲಿಂಗ್ 2,500, ಲೈನರ್ ಬೋರು 3,800, ಪ್ರೆಸ್ 1,200, ಬೇರಿಂಗು ಸೀಲು 2,600. ಒಟ್ಟು 14,600. ಜೆ.ಸಿ. ರೋಡ್ ಓಡಾಟ ಬೇರೆ, ಅದು ದಂಡ.

ಯಾದವಗಿರಿ ಹಳಬ | ಭಾನುವಾರ ರಾತ್ರಿ 9:30
ಲೀಕ್ ಟೆಸ್ಟ್ ಮಾಡಿದಿರಾ?

ಕೆಂಪು ಜಾವಾ 68 | ಭಾನುವಾರ ರಾತ್ರಿ 9:44
ಮಾಡಿದ್ವಿ ಸರ್. ಕಾರ್ಬುರೇಟರ್ ಜಾಗ, ಸೈಲೆನ್ಸರ್ ಜಾಗ ಎರಡೂ ರಬ್ಬರಲ್ಲಿ ಮುಚ್ಚಿ ಪ್ಲಗ್ ತೂತಿಂದ ಗಾಳಿ. ಗೇಜ್ ಇರ್ಲಿಲ್ಲ. ಲೇತ್ ಅಣ್ಣ ಹೇಳಿದ್ರು, ಬೇಕಾಗಿರೋದು 6 ಪಿಎಸ್ಐ ಅಷ್ಟೇ, ಅದು ಬಿಪಿ ನೋಡೋ ಮಿಷಿನ್ನಲ್ಲಿ 300ರ ಗೀಟು. ಅಪ್ಪಂದು ಮನೇಲಿತ್ತು. ಅಪ್ಪನೇ ಸ್ಟೂಲ್ ಹಾಕ್ಕೊಂಡು ಕೂತು ಬಲ್ಬ್ ಒತ್ತಿದ್ರು. ಐದು ನಿಮಿಷ ಮುಳ್ಳು ಅಲ್ಲಾಡ್ಲಿಲ್ಲ. "ನನ್ ಬಿಪಿಗಿಂತ ಇದ್ರದ್ದೇ ವಾಸಿ ಐತೆ" ಅಂದ್ರು.

ಗಣಂಗೂರು ಗೌಡ | ಭಾನುವಾರ ರಾತ್ರಿ 9:50
ಅಯ್ಯನ್ನ ಕರ್ಕಂಡ್ ನಮ್ಮೂರ್ ಕಡೆ ಬನ್ನಿ ಅಣ್ಣ. ಎಳ್ನೀರು ನಮ್ ತೋಟದ್ದೇ.

ರೋಡ್‌ಕಿಂಗ್ ರಾಯ | ಭಾನುವಾರ ರಾತ್ರಿ 9:52
ಅದೆಲ್ಲಾ ಸರಿ, ಈಗ ಆಯಿಲ್ ಎಷ್ಟು ಹಾಕ್ತಿದೀರಿ?

ಕೆಂಪು ಜಾವಾ 68 | ಭಾನುವಾರ ರಾತ್ರಿ 9:55
ಮೊದಲ ಸಾವಿರ ಕಿಲೋಮೀಟರಿಗೆ 40. ಸ್ಪೀಡು 45 ದಾಟಲ್ಲ. ಜೆಟ್ಟು ಒಂದು ಸೈಜ್ ದೊಡ್ಡದು, ಪ್ಲಗ್ ಕಾಫಿ ಬಣ್ಣಕ್ಕೆ ಬಂದಿದೆ. ಆಮೇಲೆ 30ಕ್ಕೆ ಇಳಿಸೋಣ ಅಂತ.

ರೋಡ್‌ಕಿಂಗ್ ರಾಯ | ಭಾನುವಾರ ರಾತ್ರಿ 9:56
ಯಾಕ್ ಇಳಿಸ್ಬೇಕು? 40 ಅಂದ್ರೆ 40.

ಹೊಗೆ ಪ್ರಿಯೆ | ಭಾನುವಾರ ರಾತ್ರಿ 9:57
ಶುರುವಾಯ್ತು.

ಕೆಂಪು ಜಾವಾ 68 | ಭಾನುವಾರ ರಾತ್ರಿ 10:10
ಅಂದಹಾಗೆ, ಬಿಸಿಯಾದ ಮೇಲೆ ನಿಂತ ಜಾಗದಲ್ಲಿ ನ್ಯೂಟ್ರಲ್ ಬೀಳ್ತಿಲ್ಲ. ಯಾರಿಗಾದ್ರೂ ಹಿಂಗಾಗಿದ್ಯಾ?

ಲೇತ್ ಮನುಷ್ಯ | ಭಾನುವಾರ ರಾತ್ರಿ 10:14
ಕ್ಲಚ್ ಅಡ್ಜಸ್ಟ್‌ಮೆಂಟು. ನಾಳೆ ಬೆಳಗ್ಗೆ ತಗೊಂಡ್ ಬನ್ನಿ. ಅಪ್ಪಾಜಿನೂ ಕರ್ಕೊಂಡ್ ಬನ್ನಿ.

ನಿರ್ವಾಹಕ | ಭಾನುವಾರ ರಾತ್ರಿ 10:20
ಕ್ಲಚ್ಚಿಗೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.